ಕಲಾಂ ಮ್ಯಾಲ ಬರದ್ರ ಬಹುಮಾನ ಬರತೈತೇನ್ರಿ? – ಓದುಗರ ಪ್ರಶ್ನೆ, ಮಾಸ್ತರ ಉತ್ತರ

ಈ ಸಲ ಟಪಾಲು ಭಾಳ ಬಂದಾವು, ವಾಟ್ಸಾಪಿನ್ಯಾಗಂತೂ ಲೆಕ್ಕನ ಇಲ್ಲ. ನವೆಂಬರ್ 26ರ ಸಂವಿಧಾನ ದಿನ ಹತ್ರ ಬಂತಂದ್ರ ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಸಾಲಿ-ಕಾಲೇಜಿನ್ಯಾಗ ಪ್ರಬಂಧ ಸ್ಪರ್ಧೆ, ಭಾಷಣ ಸ್ಪರ್ಧೆಗಳ ಸುಗ್ಗಿ ಶುರು ಆಕ್ಕೈತಿ, ಅದಕ್ಕ ಪ್ರಶ್ನೆ ಎಲ್ಲಾ ಅದರ ಸುತ್ತನ ಅದಾವು. ಎಲ್ಲಾದಕ್ಕೂ ಉತ್ತರ ಬರ್ಯಾಕ ಜಾಗ ಇಲ್ಲ, ಆರಿಸಿ ತಗೊಂಡೀನಿ, ಹೆಸರು ಬಿಟ್ಟು ಊರಷ್ಟಽ ಹಾಕೀನಿ.

ಪ್ರಶ್ನೆ: ಸರ್ ನಮಸ್ಕಾರ್ರೀ, ನಾನು ಗದಗ-ಬೆಟಗೇರಿಯಾಕಿ, ಪಿಯುಸಿ ಸೆಕೆಂಡ್ ಇಯರ್ ಆರ್ಟ್ಸ್. ಒಂದು ಟ್ರಸ್ಟಿನವರು ಸ್ಕಾಲರ್‌ಶಿಪ್ ಪ್ರಬಂಧ ಸ್ಪರ್ಧೆ ಇಟ್ಟಾರ, ಗೆದ್ದವರಿಗೆ ಡಿಗ್ರಿ ಮೂರು ವರ್ಷದ ಫೀ ಅವರ ಕಟ್ತಾರಂತ. ವಿಷಯ ‘ಸಂವಿಧಾನಬದ್ಧ ಆಡಳಿತ ಮತ್ತು ರಾಷ್ಟ್ರಪತಿಗಳ ಪರಂಪರೆ’, 1500 ಶಬ್ದದಾಗ ಬರೀಬೇಕು. ನಮ್ಮ ಕ್ಲಾಸಿನ್ಯಾಗ ಹದಿನಾಲ್ಕು ಮಂದಿ ಹೆಸರು ಕೊಟ್ಟೇವಿ, ಹದಿಮೂರು ಮಂದಿ ಅಬ್ದುಲ್ ಕಲಾಂ ಮ್ಯಾಲ ಬರ್ಯಾಕತ್ತಾರ. ನಾನೂ ಅದನ್ನ ಬರೀಲೇನ್ರಿ? ನಮ್ಮಪ್ಪ ನೇಕಾರ್ರು, ಫೀ ಸಿಕ್ರ ಮನ್ಯಾಗ ಭಾಳ ಹಗುರ ಆಕ್ಕೈತಿ.

ಉತ್ತರ: ನೋಡವಾ ತಂಗಿ, ಕಲಾಂ ಸಾಹೇಬ್ರ ಮ್ಯಾಲ ಬರಿಯೂದು ತಪ್ಪಲ್ಲ. ಆದ್ರ ಆ ಹದಿಮೂರು ಮಂದಿ ಏನು ಬರೀತಾರ ಅಂತ ನಾನು ಇಲ್ಲೇ ಕುಂತು ಹೇಳ್ತೀನಿ ಕೇಳು, ರಾಮೇಶ್ವರಂ, ಸಣ್ಣಾಂವ ಇದ್ದಾಗ ಪೇಪರ್ ಹಾಕಿದ್ದು, ರಾಕೆಟ್ಟು, ಪೋಖ್ರಾಣು, ಮಕ್ಕಳ ಮ್ಯಾಲಿನ ಪ್ರೀತಿ, ಕನಸು ಕಾಣ್ರಿ ಅಂದಿದ್ದು, ಅಲ್ಲಿಗೆ ಮುಗೀತು. ಅದರಾಗ ವಿಜ್ಞಾನಿ ಅದಾರ, ಮಾಸ್ತರ ಅದಾರ, ರಾಷ್ಟ್ರಪತಿ ಎಲ್ಲಿ ಅದಾರ? ಹತ್ತ-ಹನ್ನೆರಡು ವರ್ಷ ಇಂಥಾ ಸ್ಪರ್ಧೆಗೆ ನಿರ್ಣಾಯಕ ಆಗಿ ಕುಂತೀನಿ, ಕಟ್ಟು ಬಿಚ್ಚಿದ್ರ ಎಲ್ಲಾ ಒಂದಽ ಅಚ್ಚು, ಮೊದಲ ಎರಡು ಪುಟ ಪ್ರಸ್ತಾವನೆ, ಅಂಬೇಡ್ಕರರು, 395 ವಿಧಿ, 8 ಅನುಸೂಚಿ, ಆಮ್ಯಾಲಿನ ಎರಡು ಪುಟ ಯಾರೋ ಒಬ್ಬರ ಜೀವನ ಚರಿತ್ರೆ, ಎರಡರ ನಡುವ ಹೊಲಿಗೀನಽ ಇರಂಗಿಲ್ಲ. ನಿಮ್ಮ ಮನ್ಯಾಗ ಮಗ್ಗ ಐತಿ, ನಿನಗ ನಾ ಏನು ಹೇಳಲಿ, ಹಾಸು ಬರೇ ಹಾಸು, ಹೊಕ್ಕು ಬರೇ ಹೊಕ್ಕು ಆದ್ರ ಅರಿವಿ ಆಗಂಗಿಲ್ಲ. ನಿನ್ನ ವಿಷಯದ ನಡುವ ಒಂದು ‘ಮತ್ತು’ ಐತಿ ನೋಡು, ಮಾರ್ಕ್ಸ್ ಇರೂದು ಅದರಾಗ.

ಹಂಗಂದ್ರ ಏನು? ಒಬ್ಬ ರಾಷ್ಟ್ರಪತಿಯ ಮುಂದ ಒಂದು ದಿವಸ ಒಂದು ಕಾಗದ ಬಂತು, ಸಂವಿಧಾನದ ಯಾವ ವಿಧಿ ಪ್ರಕಾರ ಬಂತು, ಅವರು ಸಹಿ ಮಾಡಿದ್ರೋ, ತಿರುಗಿ ಕಳಿಸಿದ್ರೋ, ಸುಮ್ಮನ ಇಟ್ಕೊಂಡು ಕುಂತ್ರೋ, ಅದರಿಂದ ಮುಂದ ಏನಾತು, ಇಷ್ಟು ಬರದ್ರ ಪರಂಪರೆ ತಾನಽ ಬರತೈತಿ. ಕಲಾಂ ಅವರನ್ನ ಬಿಡಾಕ ಮನಸ್ಸಾಗವಲ್ದು ಅಂದ್ರ ಎರಡು ಕಾಗದ ತಗೋ. ಒಂದು 2005ರ ಮೇ ತಿಂಗಳದು. ಬಿಹಾರ ವಿಧಾನಸಭೆ ವಿಸರ್ಜನೆ ಮಾಡೂ ಕಾಗದಕ್ಕ ಅವರು ಮಾಸ್ಕೋದಾಗ ಇದ್ದಾಗ ರಾತ್ರಿ ಸಹಿ ಮಾಡಿ ಕಳಿಸಿದ್ರು, ಮುಂದ ಸುಪ್ರೀಂ ಕೋರ್ಟು ಆ ವಿಸರ್ಜನೆ ಸಂವಿಧಾನಕ್ಕ ವಿರುದ್ಧ ಅಂತು. ಇನ್ನೊಂದು 2006ರದು, ಲಾಭದ ಹುದ್ದೆಯ ಮಸೂದೆ, ಅಂದ್ರ ಎಂಪಿಗಳು ಯಾವ ಯಾವ ಸರ್ಕಾರಿ ಹುದ್ದೆ ಇಟ್ಕೊಂಡ್ರೂ ಸದಸ್ಯತ್ವ ಹೋಗಂಗಿಲ್ಲ ಅನ್ನೂದು, ಇದನ್ನ ಸಂಸತ್ತಿಗೆ ತಿರುಗಿ ಕಳಿಸಿದ್ರು, ಸಂಸತ್ತು ಒಂದಕ್ಷರನೂ ತಿದ್ದಲಾರದ ಮತ್ತ ಪಾಸ್ ಮಾಡಿ ಕಳಿಸ್ತು, ಆಗ 111ನೇ ವಿಧಿ ಪ್ರಕಾರ ಸಹಿ ಮಾಡಬೇಕಾತು. ಒಂದ್ಸಲ ಲಗೂನ ಸಹಿ ಮಾಡಿ ಪೆಟ್ಟು ತಿಂದವರು, ಇನ್ನೊಂದ್ಸಲ ತಡದು ನಿಂತವರು, ಇಬ್ಬರೂ ಒಬ್ಬರಽ. ಇದನ್ನ ಬರದ್ರ ಆ ಹದಿಮೂರು ಮಂದಿ ನಡುವ ನಿನ್ನ ಪ್ರಬಂಧ ಎದ್ದು ಕಾಣತೈತಿ. ಮರ್ಯಾದಿ ಕೊಟ್ಟನ ಬರಿ, ಆದ್ರ ಆರತಿ ಬೆಳಗಬ್ಯಾಡ. ರಾಜಕಾರಣದಾಗ ಭಕ್ತಿ ಹೊಕ್ಕಿತಂದ್ರ ಅದು ಸರ್ವಾಧಿಕಾರದ ದಾರಿ ಅಂತ ಅಂಬೇಡ್ಕರರು 1949ರ ನವೆಂಬರ್ 25ಕ್ಕ ಸಂವಿಧಾನ ಸಭೆಯೊಳಗ ನಿಂತು ಎಚ್ಚರಿಕಿ ಕೊಟ್ಟಾರ, ಆ ಮಾತು ಎಲ್ಲಾ ಮಕ್ಕಳೂ ಪ್ರಬಂಧದಾಗ ಹಾಕ್ತಾರ, ಹಾಕಿ ಮುಂದಿನ ಸಾಲಿನ್ಯಾಗ ಭಕ್ತಿ ಶುರು ಮಾಡ್ತಾರ!

ಇನ್ನ ನನ್ನ ಸ್ವಂತ ಅಭಿಪ್ರಾಯ ಕೇಳಿದ್ರ ನೀ ಅಷ್ಟು ದೂರ ಹೋಗೂದಽ ಬ್ಯಾಡ. ಎಸ್. ಆರ್. ಬೊಮ್ಮಾಯಿ ಹೆಸರು ಕೇಳಿರ್ತಿ. ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯವರು, ಹುಬ್ಬಳ್ಳಿಯೊಳಗ ವಕೀಲಿ ಮಾಡಿದವರು, ಹುಬ್ಬಳ್ಳಿ ಗ್ರಾಮೀಣದಿಂದ ಆರಿಸಿ ಬಂದು 1988ರ ಆಗಸ್ಟ್‌ನಾಗ ಮುಖ್ಯಮಂತ್ರಿ ಆದವರು. 1989ರ ಏಪ್ರಿಲ್‌ನಾಗ ಅವರ ಪಕ್ಷದ ಶಾಸಕರೊಬ್ಬರು ಒಂದು ಕಟ್ಟು ಪತ್ರ ತಗೊಂಡು ಹೋಗಿ ರಾಜ್ಯಪಾಲರ ಕೈಯಾಗ ಕೊಟ್ರು, ಹತ್ತೊಂಬತ್ತು ಮಂದಿ ಬೆಂಬಲ ತಗದಾರ ಅಂತ. ಮರುದಿನ ಅದರಾಗ ಏಳು ಮಂದಿ ಬಂದು ‘ಇಲ್ಲರಿ, ನಮಗ ತಪ್ಪು ತಿಳಿಸಿ ಸಹಿ ಹಾಕಿಸ್ಕೊಂಡಾರ, ನಾವು ಸರ್ಕಾರದ ಕೂಡಾನ ಅದೀವಿ’ ಅಂದ್ರು. ಬೊಮ್ಮಾಯಿಯವರು ಸದನ ಕರೀರಿ, ಅಲ್ಲೇ ಬಹುಮತ ತೋರಿಸ್ತೀನಿ ಅಂದ್ರು. ಸದನ ಕರೀಲಿಲ್ಲ. ಏಪ್ರಿಲ್ 21ಕ್ಕ 356ನೇ ವಿಧಿ ಪ್ರಕಾರ ರಾಷ್ಟ್ರಪತಿ ಆಳ್ವಿಕೆ ಬಂತು, ಆಗ ರಾಷ್ಟ್ರಪತಿ ಆರ್. ವೆಂಕಟರಾಮನ್. ಬೊಮ್ಮಾಯಿಯವರು ಹೈಕೋರ್ಟಿಗೆ ಹೋದ್ರು, ಅಲ್ಲಿ ಸೋತ್ರು. ಸುಪ್ರೀಂ ಕೋರ್ಟಿಗೆ ಹೋದ್ರು, ಅಲ್ಲಿ 1994ರ ಮಾರ್ಚ್ 11ಕ್ಕ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡ್ತು: ಬಹುಮತ ಐತೋ ಇಲ್ಲೋ ಅನ್ನೂದು ರಾಜಭವನದ ದಿವಾನಖಾನ್ಯಾಗ ಅಲ್ಲ, ಸದನದಾಗ ಗೊತ್ತಾಗಬೇಕು, ರಾಷ್ಟ್ರಪತಿ ಘೋಷಣೆಯನ್ನೂ ಕೋರ್ಟು ತಗದು ನೋಡಬಹುದು, ಸಂಸತ್ತಿನ ಎರಡೂ ಸದನ ಒಪ್ಪೂ ಮಟ ವಿಧಾನಸಭೆ ವಿಸರ್ಜನೆ ಮಾಡಂಗಿಲ್ಲ. ಕರ್ನಾಟಕದ ಘೋಷಣೆ ತಪ್ಪು ಅಂತನೂ ಹೇಳ್ತು. ಆದ್ರ ಅಷ್ಟೊತ್ತಿಗೆ ಐದು ವರ್ಷ ಹೋಗಿತ್ತು, 1989ರಾಗನ ಚುನಾವಣಿ ಮುಗದು ಬ್ಯಾರೆ ಸರ್ಕಾರ ಬಂದಿತ್ತು, ಅವರ ಕುರ್ಚಿ ಅವರಿಗೆ ತಿರುಗಿ ಬರಲಿಲ್ಲ. ಕೇಸಿನ ಹೆಸರು ಮಾತ್ರ ಇವತ್ತಿಗೂ ಯಾವ ರಾಜ್ಯದಾಗ ಸರ್ಕಾರ ಅಲುಗಾಡಲಿ ಮೊದಲ ಬಾಯಿಗೆ ಬರತೈತಿ.

ಈಗ ಹೊಲಿಗಿ ನೋಡು. 1997ರಾಗ ಉತ್ತರಪ್ರದೇಶದ ಸರ್ಕಾರ ತಗಿಯೂ ಶಿಫಾರಸು ಕೇಂದ್ರ ಸಂಪುಟದಿಂದ ಬಂದಾಗ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅದನ್ನ ‘ಇನ್ನೊಮ್ಮೆ ವಿಚಾರ ಮಾಡ್ರಿ’ ಅಂತ ತಿರುಗಿ ಕಳಿಸಿದ್ರು, ಸಂಪುಟ ಕೈ ಬಿಡ್ತು. 1989ರಾಗ ಸಹಿ ಬಿತ್ತು, 1997ರಾಗ ಬೀಳಲಿಲ್ಲ, ನಡುವ ಏನಾಗಿತ್ತು? ನಮ್ಮ ಕಾರಡಗಿಯವರ ಕೇಸು ಆಗಿತ್ತು. ಇಷ್ಟು ಸಾಕು ನಿನಗ 1500 ಶಬ್ದಕ್ಕ. ಶುರು ಮಾಡುವಾಗ ‘ಭಾರತವು ವಿಶ್ವದ ಅತಿ ದೊಡ್ಡ ಪ್ರಜಾಪ್ರಭುತ್ವ’ ಅಂತ ಶುರು ಮಾಡಬ್ಯಾಡ, ಆ ಏಳು ಮಂದಿ ತಿರುಗಿ ಬಂದ್ರಲ್ಲ, ಅಲ್ಲಿಂದ ಶುರು ಮಾಡು. ಗದಗ ಕೋರ್ಟಿನ್ಯಾಗ ಹಳೇ ವಕೀಲರು ಯಾರಾರ ಪರಿಚಯ ಇದ್ರ ಅರ್ಧಾ ತಾಸು ಕುಂತು ಕೇಳು, ಆಗಿನ ಪೇಪರ್ ಓದಿದ ನೆನಪು ಅವರಿಗೆ ಇರತೈತಿ. ಕೇಳಿದ್ದನ್ನ ಕೇಳಿದ್ದು ಅಂತಽ ಬರಿ, ಓದಿದ್ದನ್ನ ಓದಿದ್ದು ಅಂತ ಬರಿ.

ಪ್ರಶ್ನೆ: ನಾನು ಧಾರವಾಡ ಮಾಳಮಡ್ಡಿಯ ನಿವೃತ್ತ ನೌಕರ. ಮೊಮ್ಮಗನಿಗೆ ಸಾಲ್ಯಾಗ ‘ನನ್ನ ಮೆಚ್ಚಿನ ರಾಷ್ಟ್ರಪತಿ’ ಅಂತ ಭಾಷಣ ಕೊಟ್ಟಾರ. ರಾಷ್ಟ್ರಪತಿ ಅಂದ್ರ ರಬ್ಬರ್ ಸ್ಟ್ಯಾಂಪು, ಇದರಾಗ ಹುಡುಗೂರು ಏನು ಕಲೀಬೇಕು ಮಾಸ್ತರ?

ಉತ್ತರ: ರಾಯರ, ನಿಮ್ಮ ಮಾತು ಅರ್ಧಾ ಖರೇ ಐತಿ. 74ನೇ ವಿಧಿ ಪ್ರಕಾರ ರಾಷ್ಟ್ರಪತಿ ಸಚಿವ ಸಂಪುಟದ ಸಲಹೆ ಮ್ಯಾಲ ನಡೀಬೇಕು, 1976ರ 42ನೇ ತಿದ್ದುಪಡಿ ಅದನ್ನ ಬಿಗಿಯಾಗಿ ಬರದು ಇಟ್ಟು ಬಿಡ್ತು. 1978ರ 44ನೇ ತಿದ್ದುಪಡಿ ಬಂದು ಒಂದು ಸಣ್ಣ ಕಿಟಕಿ ತಗೀತು, ಒಮ್ಮೆ ತಿರುಗಿ ಕಳಿಸಬಹುದು, ಮತ್ತ ಬಂದ್ರ ಒಪ್ಪಬೇಕು. ನಾ ಮ್ಯಾಲ ಹೇಳಿದ ನಾರಾಯಣನ್ ಅವರು ಬಳಸಿದ್ದು ಇದಽ ಕಿಟಕಿ. 1998ರಾಗ ಬಿಹಾರ ಸರ್ಕಾರ ತಗಿಯೂ ಶಿಫಾರಸನ್ನೂ ಹಂಗಽ ತಿರುಗಿ ಕಳಿಸಿದ್ರು, ಆದ್ರ 1999ರಾಗ ಸಂಪುಟ ಮತ್ತ ಅದನ್ನ ತಂದಾಗ ಸಹಿ ಮಾಡಿದ್ರು, ಅದೂ ಕಾನೂನಽ.

ಆ 44ನೇ ತಿದ್ದುಪಡಿ ಯಾಕ ಬಂತು ಅನ್ನೂದನ್ನ ನಿಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. 1975ರ ಜೂನ್ 25ರ ರಾತ್ರಿ ಆಗಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ತುರ್ತು ಪರಿಸ್ಥಿತಿಗೆ ಸಹಿ ಮಾಡಿದಾಗ ಸಂಪುಟ ಇನ್ನೂ ಕೂಡಿರಲಿಲ್ಲ, ಮರುದಿನ ಮುಂಜಾನೆ ಕೂಡ್ತು. ಈಗ ಸಂಪುಟದ ತೀರ್ಮಾನ ಬರವಣಿಗೆಯೊಳಗ ಬಂದ್ರಷ್ಟಽ ತುರ್ತು ಪರಿಸ್ಥಿತಿಗೆ ಸಹಿ. ಸ್ಟ್ಯಾಂಪು ಒಂದು ರಾತ್ರಿ ಎಂಥಾ ಕೆಲಸ ಮಾಡತೈತಿ ನೋಡ್ರಿ, ಆಮ್ಯಾಲ ಅದಕ್ಕ ರಬ್ಬರ್ ಅನ್ನೂದು ಎಷ್ಟು ಸರಿ ಅಂತ ಹೇಳ್ರಿ.

ರಾಷ್ಟ್ರಪತಿ ಜೈಲ್ ಸಿಂಗರದು ಇನ್ನೂ ಮಜಾ ಐತಿ. 1986ರಾಗ ಸಂಸತ್ತು ಅಂಚೆ ತಿದ್ದುಪಡಿ ಮಸೂದೆ ಪಾಸ್ ಮಾಡ್ತು, ಮಂದಿ ಪತ್ರ ಸರ್ಕಾರ ಒಡದು ನೋಡಬಹುದು ಅನ್ನೂ ಅಂಥಾ ಕಲಮು ಅದರಾಗ ಇತ್ತು. ಅವರು ಸಹಿನೂ ಮಾಡಲಿಲ್ಲ, ತಿರುಗಿನೂ ಕಳಿಸಲಿಲ್ಲ, ಇಟ್ಕೊಂಡು ಕುಂತ್ರು, 1987ರಾಗ ಅವಧಿ ಮುಗಿಸಿ ಮನೀಗೆ ಹೋದ್ರು. 111ನೇ ವಿಧಿಯೊಳಗ ಇಂಥಾ ದಿನದೊಳಗ ಸಹಿ ಮಾಡ್ರಿ ಅಂತ ತಾರೀಖು ಇಲ್ಲ, ಆ ಸಂದಿಯೊಳಗ ಅವರು ಕುಂತ್ರು. ಆ ಮಸೂದೆ ಕಾನೂನು ಆಗಲೇ ಇಲ್ಲ.

ಮೊಮ್ಮಗನಿಗೆ ಇನ್ನೊಂದು ಹೆಸರೂ ಹೇಳ್ರಿ, ನಮ್ಮ ಕಡೆಯವರದಽ. ಜಮಖಂಡಿ ತಾಲೂಕು ಸಾವಳಗಿಯ ಬಿ. ಡಿ. ಜತ್ತಿಯವರು. 1977ರ ಫೆಬ್ರುವರಿಯೊಳಗ ಫಕ್ರುದ್ದೀನ್ ಅವರು ತೀರಿಕೊಂಡ ಮ್ಯಾಲ ಜುಲೈ ಮಟ ಹಂಗಾಮಿ ರಾಷ್ಟ್ರಪತಿ ಆಗಿದ್ರು. ಆ ವರ್ಷ ಕೇಂದ್ರದಾಗ ಜನತಾ ಸರ್ಕಾರ ಬಂತು, ಒಂಬತ್ತು ರಾಜ್ಯದ ವಿಧಾನಸಭೆ ವಿಸರ್ಜನೆ ಮಾಡ್ರಿ ಅಂತ ಸಂಪುಟ ಕಾಗದ ಕಳಿಸ್ತು, ಜತ್ತಿಯವರು ಲಗೂನ ಸಹಿ ಮಾಡಲಿಲ್ಲ, ತಡದ್ರು, ದಿಲ್ಲಿಯೊಳಗ ಗದ್ದಲೋ ಗದ್ದಲ, ಕಡೀಕ ಏಪ್ರಿಲ್ 30ಕ್ಕ ಸಹಿ ಬಿತ್ತು. ತಡದದ್ದು ಸರಿಯೋ ತಪ್ಪೋ ಅನ್ನೂದರ ಮ್ಯಾಲ ಹುಡುಗ ಎರಡೂ ಕಡೆ ವಾದ ಮಾಡಬಹುದು, ‘ಮೆಚ್ಚಿನ’ ಅನ್ನೂ ಶಬ್ದ ಬಿಟ್ಟು. ಆ ಶಬ್ದ ಯಾಕ ಹಾಕಿದ್ರೋ ನನಗ ತಿಳೀವಲ್ದು, ಮೆಚ್ಚಿನ ಹಣ್ಣು ಅಂದಂಗ.

ಪ್ರಶ್ನೆ: ನಾವು ಬ್ಯಾಡಗಿಯವರು ಸರ್, ಮೆಣಸಿನಕಾಯಿ ವ್ಯಾಪಾರ. ಮಗ ಒಂಬತ್ತನೇತ್ತೆ. ಅಮೆರಿಕಾದಾಗ ರಾಷ್ಟ್ರಾಧ್ಯಕ್ಷರ ಹೆಸರಿನ ಮ್ಯಾಲ ಪ್ರಬಂಧ ಸ್ಪರ್ಧೆ ಐತಿ, ಹತ್ತು ಸಾವಿರ ಡಾಲರ್ ಬಹುಮಾನ, ನಾ ಬರೀತೀನಿ ಅಂತ ಹಟ ಹಿಡದಾನ. ಖರೇನಾ? ನಮ್ಮ ಹುಡುಗೂರಿಗೆ ಕೊಡ್ತಾರೇನು?

ಉತ್ತರ: ಸ್ಪರ್ಧೆ ಖರೇ ಐತ್ರಿ ಸಾವಕಾರ, ನಿಮ್ಮ ಮಗನಿಗೆ ಬರಂಗಿಲ್ಲ. ಆತ ನೋಡಿದ್ದು ಅಮೆರಿಕಾದ ಹಿಂದಿನ ಅಧ್ಯಕ್ಷ ಜಾನ್ ಕೆನಡಿ ಹೆಸರಿನ ಲೈಬ್ರರಿಯವರು ನಡಸೂ ‘ಪ್ರೊಫೈಲ್ ಇನ್ ಕರೇಜ್’ ಸ್ಪರ್ಧೆ ಇರಬೇಕು. ಮೊದಲನೇ ಬಹುಮಾನ 10,000 ಡಾಲರ್, ಆದ್ರ ಅದು ಅಮೆರಿಕಾದ ಹೈಸ್ಕೂಲಿನವರಿಗೆ, ಇಲ್ಲಾ ಹೊರದೇಶದಾಗ ಓದೂ ಅಮೆರಿಕಾದ ನಾಗರಿಕರಿಗೆ. ಹಂಗಂತ ಹುಡುಗಗ ಬೈದು ಕೂಡ್ರಿಸಬ್ಯಾಡ್ರಿ, ಅದರ ನಿಯಮ ಓದಸ್ರಿ, ಅದರಾಗ ಒಂದು ಚಲೋ ಸಂಗತಿ ಐತಿ.

ಕೆನಡಿ ಹೆಸರಿನ ಸ್ಪರ್ಧೆ, ಆದ್ರ ಕೆನಡಿ ಮ್ಯಾಲ ಬರೆಯಂಗಿಲ್ಲ! ಅವರ ತಮ್ಮಂದಿರ ಮ್ಯಾಲೂ ಬರೆಯಂಗಿಲ್ಲ. ಆರಿಸಿ ಬಂದ ಯಾರಾರ ಒಬ್ಬರು, ಮಂದಿ ಸಿಟ್ಟಾಗ್ತಾರ, ಮುಂದ ವೋಟು ಬೀಳಂಗಿಲ್ಲ ಅಂತ ಗೊತ್ತಿದ್ದೂ ಸರಿ ಕಂಡಿದ್ದನ್ನ ಮಾಡಿದ್ರಲ್ಲ, ಅಂಥಾ ಒಂದು ಪ್ರಸಂಗ ಹುಡುಕಿ ಬರೀಬೇಕು, ಅವರು 1917 ಇಲ್ಲಾ ಅದರ ನಂತರ ಅಧಿಕಾರದಾಗ ಇದ್ದವರಿರಬೇಕು, ಕೆನಡಿ ಹುಟ್ಟಿದ ವರ್ಷ ಅದು. 700 ರಿಂದ 1000 ಶಬ್ದ, ಕಡಿಮಿ ಅಂದ್ರ ಐದು ಕಡೆಯಿಂದ ಮಾಹಿತಿ ತಗೊಂಡಿರಬೇಕು. ನಮ್ಮಲ್ಲೆ ಮಹನೀಯರ ಹೆಸರಿನ ಸ್ಪರ್ಧೆ ಅಂದ್ರ ಆ ಮಹನೀಯರನ್ನ ಹೊಗಳೂದಽ ಸ್ಪರ್ಧೆ. ಒಬ್ಬರ ನೆನಪು ಇಟ್ಕೊಳ್ಳೂದಂದ್ರ ಅವರು ಎತ್ತಿದ ಪ್ರಶ್ನೆ ಮುಂದ ಒಯ್ಯೂದು ಅಂತ ಆ ಲೈಬ್ರರಿಯವರಿಗೆ ತಿಳದೈತಿ, ಇಷ್ಟರ ಮಟ್ಟಿಗೆ ಅವರ ಕಡಿಂದ ಕಲಿಯೂದು ಐತಿ.

ಇನ್ನೊಂದು ಐತಿ, ಅಮೆರಿಕನ್ ಲೀಜನ್ ಅಂತ ಅಲ್ಲಿನ ಮಾಜಿ ಸೈನಿಕರ ಸಂಘ, ಅವರು 1938ರಿಂದ ಸಂವಿಧಾನದ ಮ್ಯಾಲ ಭಾಷಣ ಸ್ಪರ್ಧೆ ನಡಸ್ಕೊಂಡು ಬಂದಾರ. ಎಂಟರಿಂದ ಹತ್ತು ನಿಮಿಷ, ಕೈಯಾಗ ಚೀಟಿ ಇಲ್ಲದ ಮಾತಾಡಬೇಕು. ಅದು ಮುಗದ ಮ್ಯಾಲ ಸಂವಿಧಾನದ್ದಽ ಒಂದು ವಿಧಿನೋ ತಿದ್ದುಪಡಿನೋ ಅಲ್ಲೇ ಕೊಡ್ತಾರ, ಅದರ ಮ್ಯಾಲ ಮೂರರಿಂದ ಐದು ನಿಮಿಷ. ಬಾಯಿಪಾಠದವರು ಮೊದಲನೇ ಸುತ್ತಿನ್ಯಾಗ ಮಿಂಚ್ತಾರ, ಎರಡನೇದರಾಗ ಬಿದ್ದ ಬೀಳ್ತಾರ. ಬಹುಮಾನ ಕಾಲೇಜು ಫೀಗೆ ಸ್ಕಾಲರ್‌ಶಿಪ್ ಆಗಿ ಸಿಗತೈತಿ.

ಒಂದು ಎಚ್ಚರ ಮಗನಿಗೆ ಹೇಳ್ರಿ. ಅವರ ಅಧ್ಯಕ್ಷರು ಬ್ಯಾರೆ, ನಮ್ಮ ರಾಷ್ಟ್ರಪತಿ ಬ್ಯಾರೆ. ಅಲ್ಲಿ ಅಧ್ಯಕ್ಷರಽ ಸರ್ಕಾರ ನಡಸವರು, ನಾಲ್ಕು ವರ್ಷದ ಅವಧಿ, 1951ರ 22ನೇ ತಿದ್ದುಪಡಿ ಆದ ಮ್ಯಾಲ ಎರಡಕ್ಕಿಂತ ಹೆಚ್ಚು ಸಲ ಆರಿಸಿ ಬರಾಕ ಬರಂಗಿಲ್ಲ. ನಮ್ಮಲ್ಲೆ ಐದು ವರ್ಷ, ಸರ್ಕಾರ ನಡಸವರು ಪ್ರಧಾನಿ ಮತ್ತ ಸಂಪುಟ. ಒಂದು ಮಾತ್ರ ಎರಡೂ ಕಡೆ ಕೂಡತೈತಿ, ಪ್ರಮಾಣವಚನ. ಸಂವಿಧಾನವನ್ನ ಕಾಪಾಡ್ತೀನಿ, ರಕ್ಷಿಸ್ತೀನಿ ಅಂತ ಅವರೂ ಹೇಳ್ತಾರ, ನಮ್ಮವರೂ 60ನೇ ವಿಧಿ ಪ್ರಕಾರ ಹೇಳ್ತಾರ. ನಮ್ಮ ಮಂತ್ರಿಗಳು, ಎಂಪಿಗಳು ಸಂವಿಧಾನಕ್ಕ ನಿಷ್ಠೆಯಿಂದ ಇರ್ತೀನಿ ಅಂತಷ್ಟಽ ಹೇಳ್ತಾರ, ಕಾಯ್ತೀನಿ ಅನ್ನೂ ಜವಾಬ್ದಾರಿ ರಾಷ್ಟ್ರಪತಿಗೆ. ಮಗನಿಗೆ ಬರಿಯೂ ಚಟ ಇದ್ರ ಅಂಚೆ ಇಲಾಖೆಯವರ ‘ಢಾಯಿ ಆಖರ್’ ಪತ್ರ ಬರಿಯೂ ಸ್ಪರ್ಧೆಗೆ ಹಚ್ರಿ, ವಿಷಯ ವರ್ಷಕ್ಕೊಂದು ಬ್ಯಾರೆ ಇರತೈತಿ, ಕನ್ನಡದಾಗನೂ ಬರೀಬಹುದು, ಹದಿನೆಂಟರ ಒಳಗಿನವರಿಗೆ ಬ್ಯಾರೆ ವಿಭಾಗ ಐತಿ.

ಪ್ರಶ್ನೆ: ಹಾವೇರಿ ಹಾಸ್ಟೆಲ್‌ನಾಗ ಇದ್ದು ಓದ್ತೀನ್ರಿ ಸರ್, ಕನ್ನಡ ಮೀಡಿಯಂ. ಸಂವಿಧಾನ ಭಾಷಣ ಸ್ಪರ್ಧೆಗೆ ಜಿಲ್ಲಾ ಮಟ್ಟಕ್ಕ ಆಯ್ಕೆ ಆಗೀನಿ. ಅಲ್ಲಿ ಇಂಗ್ಲಿಷ್ ಮೀಡಿಯಂ ಹುಡುಗೂರು ಟೈ ಹಾಕ್ಕೊಂಡು ಬರ್ತಾರ, ನನಗ ಈಗಽ ಕೈಕಾಲು ನಡಗಾಕತ್ತಾವ.

ಉತ್ತರ: ತಮ್ಮಾ, ನಡಗಲಿ ಬಿಡು, ನನಗೂ ನಡಗತಿದ್ವು. ಕನ್ನಡದಾಗ ಮಾತಾಡಿದ್ರ ಮಾರ್ಕ್ಸ್ ಹೋಗಂಗಿಲ್ಲ, ಪುಸ್ತಕದ ಕನ್ನಡ ಮಾತಾಡಿದ್ರ ಹೋಗತೈತಿ. ‘ಸಾರ್ವಭೌಮ ಸಮಾಜವಾದಿ ಜಾತ್ಯತೀತ ಪ್ರಜಾಸತ್ತಾತ್ಮಕ ಗಣರಾಜ್ಯವನ್ನಾಗಿ ವಿಧ್ಯುಕ್ತವಾಗಿ’ ಅಂತ ಒಂದಽ ಉಸಿರಿನ್ಯಾಗ ಒದರಿದ್ರ ಕೇಳವರಿಗೆ ಏನು ತಿಳೀಬೇಕು? ಆ ಸಾಲಿನ್ಯಾಗ ಒಂದು ಶಬ್ದ ಹಿಡಿ. ಸಮಾಜವಾದಿ, ಜಾತ್ಯತೀತ ಅನ್ನೂ ಎರಡು ಶಬ್ದ 1949ರಾಗ ಇರಲಿಲ್ಲ, 1976ರಾಗ 42ನೇ ತಿದ್ದುಪಡಿಯೊಳಗ ಸೇರಿದ್ದು, ಇದಽ ಒಂದು ಭಾಷಣ ಆಕ್ಕೈತಿ ಬೇಕಾದ್ರ. ಕೆಲವು ಪುಸ್ತಕದಾಗ ವಿಧಿ ಅಂತಾರ, ಕೆಲವುದರಾಗ ಅನುಚ್ಛೇದ ಅಂತಾರ, ಎರಡೂ ನಡೀತಾವು, ಒಂದಽ ಹಿಡ್ಕೊಂಡು ಕಡೀ ಮಟ ಅದನ್ನ ಅನ್ನು.

ನಿಮ್ಮ ಹಾಸ್ಟೆಲಿನ ಅಡಗಿ ಮಾಡವರ ಮುಂದ ನಿಂತು ಒಮ್ಮೆ ಭಾಷಣ ಮಾಡು, ಅವರು ನಡುವ ಎದ್ದು ಒಗ್ಗರಣಿ ಹಾಕಾಕ ಹೋದ್ರಂದ್ರ ಅಲ್ಲಿ ಜಾಳು ಆಗೈತಿ ಅಂತ ತಿಳ್ಕೊ, ಅಷ್ಟು ಕತ್ತರಿಸು. ಟೈ ಬಗ್ಗೆ ನಾ ಏನೂ ಹೇಳಂಗಿಲ್ಲ, ನಿರ್ಣಾಯಕರಿಗೆ ಮಧ್ಯಾಹ್ನ ಊಟದ ಮ್ಯಾಲ ಎಲ್ಲಾ ಟೈ ಒಂದಽ ಥರ ಕಾಣ್ತಾವು.

ಪ್ರಶ್ನೆ: ನವಲಗುಂದ ತಾಲೂಕಿನ ಹೈಸ್ಕೂಲಿನ ಶಿಕ್ಷಕಿ ನಾನು. ಸಂವಿಧಾನ ದಿನದ ಪ್ರಬಂಧ ಮೂವತ್ತೆರಡು ಬಂದಾವು, ಅದರಾಗ ಇಪ್ಪತ್ತು ಪ್ರಬಂಧ ಮೊಬೈಲಿನ್ಯಾಗಿನ ಎಐ ಬರಕೊಟ್ಟಂಗ ಅದಾವು, ಸಾಲಿಗೆ ಸಾಲು ಹೊಂದತಾವು. ಮಾರ್ಕ್ಸ್ ಹೆಂಗ ಕೊಡ್ಲಿ?

ಉತ್ತರ: ಬಾಯಾರ, ಈ ತ್ರಾಸು ಎಲ್ಲಾರಿಗೂ ಐತಿ. ಹೋದ ವರ್ಷ ನನ್ನ ಕೈಗೆ ಒಂದು ಪ್ರಬಂಧ ಬಂದಿತ್ತು, ಅಕ್ಷರ ಮುತ್ತಿನಂಗ, ಅದರಾಗ ನಮ್ಮ ರಾಷ್ಟ್ರಪತಿ ನಾಲ್ಕು ವರ್ಷಕ್ಕೊಮ್ಮೆ ಆರಿಸಿ ಬಂದು ಸೈನ್ಯಕ್ಕ ಹುಕುಂ ಕೊಟ್ಟು ಮಂತ್ರಿಗಳನ್ನ ತಮ್ಮ ಮರ್ಜಿ ಪ್ರಕಾರ ನೇಮಿಸ್ತಿದ್ರು! ಮಷಿನ್ ಅಮೆರಿಕಾದ್ದು ತಂದು ಕೊಟ್ಟೈತಿ, ಹುಡುಗ ಅನುವಾದ ಮಾಡಿ ನಕಲು ಮಾಡ್ಯಾನ, ಓದಿ ನೋಡಿಲ್ಲ. ನಗು ಬಂತು, ಆಮ್ಯಾಲ ಕೆಡಕನಿಸ್ತು, ಯಾಕಂದ್ರ ವಿಷಯ ಕೊಟ್ಟಾಂವ ನಾನಽ, ‘ಸಂವಿಧಾನದ ಮಹತ್ವ’ ಅಂತ. ಇಂಥಾ ವಿಷಯ ಕೊಟ್ರ ಮಕ್ಕಳು ಮತ್ತೇನು ಮಾಡಬೇಕು, ಮಷಿನ್ನಿಗೂ ಅದಽ ಸಸಾರ, ಮಕ್ಕಳಿಗೂ ಅದಽ ಸಸಾರ.

ಈ ಸಲ ಬಂದಿದ್ದಕ್ಕ ಹಿಂಗ ಮಾಡ್ರಿ, ಇಪ್ಪತ್ತೂ ಮಂದಿಯನ್ನ ಕರದು ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡ್ರಿ, ಅವರ ಪ್ರಬಂಧದಾಗಿನ ಒಂದು ಸಾಲು ಓದಿ ‘ಇದು ಏನು ಹೇಳವಾ’ ಅಂತ ಕೇಳ್ರಿ. ಹೇಳಿದ್ರ ಮಾರ್ಕ್ಸ್, ಇಲ್ಲಾಂದ್ರ ಇಲ್ಲ. ಎಐ ಕಡೆ ಕೇಳಿ ತಿಳ್ಕೊಂಡಾಕಿನೂ ಇರಬಹುದು, ಆಕಿಗೆ ಕಡೀಬ್ಯಾಡ್ರಿ.

ಮುಂದಿನ ವರ್ಷ ವಿಷಯಾನಽ ಬದಲ ಮಾಡ್ರಿ. ನಿಮ್ಮ ಊರ ಗ್ರಾಮ ಪಂಚಾಯ್ತಿ ಐತಲ್ಲ, ಅದು ಸಂವಿಧಾನದೊಳಗ ಬಂದಿದ್ದು 73ನೇ ತಿದ್ದುಪಡಿಯಿಂದ, 1993ರ ಏಪ್ರಿಲ್ 24ಕ್ಕ ಜಾರಿ ಆತು. ಒಂದು ಗ್ರಾಮಸಭೆಗೆ ಮಕ್ಕಳನ್ನ ಕರ್ಕೊಂಡು ಹೋಗ್ರಿ, ಯಾರು ಮಾತಾಡಿದ್ರು, ಹೆಣ್ಮಕ್ಕಳು ಎಷ್ಟು ಮಂದಿ ಮಾತಾಡಿದ್ರು, ನೀರಿನ ಮಾತು ಬಂತೋ ಇಲ್ಲೋ, ಕಣ್ಣಿಲೆ ಕಂಡಿದ್ದು ಬರೀರಿ ಅನ್ರಿ. ಇಲ್ಲಾ ಧ್ವಜದ್ದು ಕೊಡ್ರಿ. ನಮ್ಮ ಗರಗದ ಕಡೆ ಅರಿವಿ ನೇಯ್ತಾರ, ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಾಗ ರಾಷ್ಟ್ರಧ್ವಜ ಹೊಲೀತಾರ, ಧ್ವಜ ಹಾರಿಸೂದು 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಾಗ ಬರತೈತಿ ಅಂತ 2004ರಾಗ ಸುಪ್ರೀಂ ಕೋರ್ಟು ಹೇಳೈತಿ, ಧ್ವಜಕ್ಕ ಗೌರವ ಕೊಡೂದು 51ಎ ವಿಧಿ ಪ್ರಕಾರ ಕರ್ತವ್ಯ, 2021ರ ಡಿಸೆಂಬರ್‌ನಾಗ ಧ್ವಜ ಸಂಹಿತೆ ತಿದ್ದಿ ಪಾಲಿಸ್ಟರ್ ಧ್ವಜಕ್ಕೂ, ಮಷಿನ್ನಿನಿಂದ ಮಾಡಿದ್ದಕ್ಕೂ ಪರವಾನಗಿ ಕೊಟ್ರು. ಹಕ್ಕು ಹೆಚ್ಚಾತು, ಧ್ವಜ ಸೋವಿ ಆತು, ಚರಕಾ ನಂಬಿದವರ ಗತಿ ಏನು? ನಿಮ್ಮ ಮಕ್ಕಳು ಬಸ್ ಹತ್ತಿ ಬೆಂಗೇರಿಗೆ ಹೋಗಿ ಕೇಳ್ಕೊಂಡು ಬರಲಿ, ಮಷಿನ್ನಿಗೆ ಬಸ್ ಹತ್ತಾಕ ಬರಂಗಿಲ್ಲ.

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರ. ‘ರಾಷ್ಟ್ರ ಮಟ್ಟದ ಸಂವಿಧಾನ ಸ್ಕಾಲರ್‌ಶಿಪ್ ಪರೀಕ್ಷೆ’ ಅಂತ ಮೆಸೇಜ್ ಬಂತು, 499 ರೂಪಾಯಿ ಕಟ್ಟಿದೆ, ಮಗಳಿಗೆ ಸರ್ಟಿಫಿಕೇಟ್ ಬಂತು, ಈಗ ಒಂದು ಲಕ್ಷ ಸ್ಕಾಲರ್‌ಶಿಪ್ ಬಂದೈತಿ, ‘ಪ್ರೊಸೆಸಿಂಗ್’ಗೆ 4,000 ಹಾಕ್ರಿ ಅಂತಾರ.

ಉತ್ತರ: ಹಾಕಬ್ಯಾಡ್ರಿ ಅಕ್ಕಾರ. ಸ್ಕಾಲರ್‌ಶಿಪ್ ಕೊಡವರು ನಮ್ಮ ಕಡಿಂದ ರೊಕ್ಕ ಇಸ್ಕೊಳ್ಳಂಗಿಲ್ಲ, ಇದರ ಮ್ಯಾಲ ಜಾಸ್ತಿ ವಿಚಾರ ಬ್ಯಾಡ. ಓಟಿಪಿ, ಯುಪಿಐ ಪಿನ್ ಯಾರಿಗೂ ಹೇಳಬ್ಯಾಡ್ರಿ, ರೊಕ್ಕ ಬರಾಕ ಪಿನ್ ಹಾಕೂ ಕೆಲಸನ ಇಲ್ಲ. ಮೆಸೇಜು, ರಶೀದಿ ಎಲ್ಲಾ ಸ್ಕ್ರೀನ್‌ಶಾಟ್ ಇಟ್ಕೊಂಡು ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಿ ದೂರು ಕೊಡ್ರಿ, 499 ಹೋದದ್ದಕ್ಕೂ ಕೊಡ್ರಿ, ನಾಚಿಕಿ ಬ್ಯಾಡ. ಮಗಳು ಪರೀಕ್ಷೆಗೆ ಓದಿದ್ದು ಎಲ್ಲೂ ಹೋಗಿಲ್ಲ, ಎಂಟನೇತ್ತೆ ಇದ್ದು ಸರ್ಕಾರಿ ಇಲ್ಲಾ ಅನುದಾನಿತ ಸಾಲ್ಯಾಗ ಇದ್ರ ಎನ್‌ಎಂಎಂಎಸ್ ಅನ್ನೂ ಸರ್ಕಾರಿ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂಡ್ರಿಸ್ರಿ, ವರ್ಷಕ್ಕ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡರ ಮಟ. ಹೆಡ್‌ಮಾಸ್ತರ ಕಡೆ ಕೇಳ್ರಿ. ಖಾತೆಗೆ ಆಧಾರ್ ಜೋಡಣಿ ಆಗೈತೋ ಇಲ್ಲೋ ಬ್ಯಾಂಕಿನ್ಯಾಗ ಈಗಽ ನೋಡ್ಕೊಳ್ರಿ, ಪಾಸಾದ ಎಷ್ಟೋ ಹುಡುಗೂರ ರೊಕ್ಕ ಅಲ್ಲೇ ಸಿಕ್ಕೊಂಡು ಕುಂದರತೈತಿ.

ಪ್ರಶ್ನೆ: ಲಕ್ಷ್ಮೇಶ್ವರದಿಂದ. ಹಿಂದಿನ ಸಂಚಿಕೆಯೊಳಗ ನೀವು ಸಂವಿಧಾನ ಬರ್ಯಾಕ 2 ವರ್ಷ 11 ತಿಂಗಳು 17 ದಿನ ಹಿಡೀತು ಅಂತ ಬರದೀರಿ. ಕ್ವಿಜ್‌ನಾಗ ನನ್ನ ತಂಗಿ ಅದನ್ನ ಹೇಳಿದ್ಲು, 18 ಅಂತ ಹೇಳಿ ಮಾರ್ಕ್ಸ್ ಕಡದ್ರು. ಯಾವುದು ಖರೇ?

ಉತ್ತರ: ನಿನ್ನ ತಂಗೀಗೆ ನನ್ನ ಕಡಿಂದ ಸಾರಿ ಹೇಳು, ಆದ್ರ ಆಕಿ ತಪ್ಪು ಹೇಳಿಲ್ಲ. ಸಂವಿಧಾನ ಸಭೆ ಮೊದಲ ಕೂಡಿದ್ದು 1946ರ ಡಿಸೆಂಬರ್ 9, ಸಂವಿಧಾನ ಒಪ್ಪಿದ್ದು 1949ರ ನವೆಂಬರ್ 26. ನವೆಂಬರ್ 9ಕ್ಕ ಎರಡು ವರ್ಷ ಹನ್ನೊಂದು ತಿಂಗಳು ತುಂಬತೈತಿ, ಅಲ್ಲಿಂದ 26ಕ್ಕ ಹದಿನೇಳು ದಿನ. ಮೊದಲನೇ ದಿನಾನೂ ಎಣಿಸಿದ್ರ ಹದಿನೆಂಟು. ಅಂಬೇಡ್ಕರರು ತಮ್ಮ ಕಡೀ ಭಾಷಣದಾಗ ಹದಿನೇಳು ಅಂದಾರ, ಆದ್ರ ಅದು 25ನೇ ತಾರೀಖಿನ ಭಾಷಣ, ಮೊದಲನೇ ದಿನ ಹಿಡದು ಎಣಿಸಿದ್ರ ಅವತ್ತಿಗೆ ಹದಿನೇಳಽ ಆಗತೈತಿ, ಮರುದಿನಕ್ಕ ಹದಿನೆಂಟು. ಈ ಉತ್ತರ ಕತ್ತರಿಸಿ ಕ್ವಿಜ್ ನಡಸಿದ ಮಾಸ್ತರಿಗೆ ಕೊಡು, ಸಿಟ್ಟಾದ್ರ ನನ್ನ ಹೆಸರು ಹೇಳು.